ಬನಶಂಕರಿಗೆ ಹೋದವರು ಬಾದಾಮಿಯ ಅಗಸ್ತ್ಯ ತೀರ್ಥವನ್ನೂ ಕಂಡು ಬರಬೇಕು

ಹುಲಿಹೈದರ, ಕನಕಗಿರಿ, ತಾವರಗೇರಾ, ಹನುಮಸಾಗರ, ಕುಷ್ಟಗಿ, ಯಲಬುರ್ಗಾ ಈ ಸೀಮೆಯಲ್ಲಿ ಬಾದಾಮಿ ಬನಶಂಕರಿಗೆ ನಡೆದುಕೊಳ್ಳುವ ಮನೆತನಗಳು ಬಹಳ ಇವೆ. ವರ್ಷಕ್ಕೊಮ್ಮೆ ಬನದ ಹುಣ್ಣಿಮೆಗೆ ಟ್ರ್ಯಾಕ್ಟರ್, ಟಂಟಂ, ಕ್ರೂಸರ್ ಮಾಡಿಕೊಂಡು ಹೋಗುವವರುಂಟು. ಹರಕೆ ಹೊತ್ತು ನಡೆದೇ ಹೋಗುವವರೂ ಉಂಟು. ಈ ಬೆಟ್ಟ ಹತ್ತಿ ದೇವರ ದರ್ಶನ ಮಾಡಿಕೊಂಡ ಭಕ್ತಾದಿಗಳಲ್ಲಿ ಹಲವರು ಇಲ್ಲಿಂದ ಇಳಿದು ನೇರ ಬನಶಂಕರಿಯ ದಾರಿ ಹಿಡಿಯುತ್ತಾರೆ. ಅಂಥ ಯಾತ್ರಿಕರಿಗೆ ಅನುಕೂಲವಾಗಲೆಂದು ಈ ಲೇಖನ.

ಬನಶಂಕರಿಯಿಂದ ಬಾದಾಮಿ ಊರು ಸುಮಾರು 5 ಕಿ.ಮೀ. ಆದರೂ ಹೆಚ್ಚಿನವರು ತಾಯಿಗೆ ಉಡಿ ತುಂಬಿ, ಹೊಂಡದ ನೀರು ತಲೆಗೆ ಹಚ್ಚಿಕೊಂಡು, ಜಾತ್ರೆಯಲ್ಲಿ ನಾಟಕ ನೋಡಿ, ಮಕ್ಕಳಿಗೆ ಆಟಿಗೆ ಸಾಮಾನು ಕೊಡಿಸಿ ಹಾಗೇ ಊರಿಗೆ ತಿರುಗುತ್ತಾರೆ. ಬಾದಾಮಿಗೆ ಹೋದವರೂ ಮೇಣಬಸದಿ ಹತ್ತಿ ಇಳಿದರೆ ಮುಗಿಯಿತು. ಊರಿಗೆ ಬಂದ ಮೇಲೆ ಯಾರಾದರೂ "ಏನೇನ್ ನೋಡಿದ್ರಿ ಬೇ ಯವ್ವಾ ಬದಾಮ್ಯಾಗ?" ಅಂತ ಕೇಳಿದರೆ, "ಗವಿ ನೋಡಿದ್ವಿ ಯಪ್ಪಾ, ಮಂಗ್ಯಾ ಭಾಳ ಅದಾವ, ಕೈಯಾಗಿನ ಬಾಳೆಹಣ್ಣು ಕಸಗೊಂಡು ಹೋದ್ವು" ಎಂಬ ಉತ್ತರ ಬರುತ್ತದೆ. ಗವಿಯ ಮುಂದೆ ನಿಂತಾಗ ಕೆಳಗೆ ಹಸಿರಾಗಿ ಕಾಣುವ ಕೆರೆಯನ್ನು ಒಂದು ಸಲ ನೋಡಿ, ಫೋಟೋ ತೆಗೆದುಕೊಂಡು ಸುಮ್ಮನಾಗುತ್ತಾರೆ. ಆದರೆ ಆ ಕೆರೆ ಇದ್ದುದರಿಂದಲೇ ಊರು ಇದೆ. ಕೆರೆ ತೆಗೆದುಬಿಟ್ಟರೆ ಅಲ್ಲಿ ಎರಡು ಕೆಂಪು ಗುಡ್ಡ, ನಡುವೆ ಒಂದು ಒಣ ಹಳ್ಳ, ಅಷ್ಟೇ ಉಳಿದೀತು.

ಬರ ಕಳೆದ ತಾಯಿ

ಬನಶಂಕರಿಗೆ ಶಾಕಂಭರಿ ಎಂದೂ ಹೆಸರಿದೆ. ದೇವೀ ಮಹಾತ್ಮೆಯ ಪ್ರಕಾರ ಲೋಕದಲ್ಲಿ ನೂರು ವರ್ಷ ಮಳೆ ಇಲ್ಲದೆ ಬರ ಬಿದ್ದಾಗ ದೇವಿಯು ತನ್ನ ಮೈಯಿಂದಲೇ ಕಾಯಿಪಲ್ಲೆಗಳನ್ನು ಹುಟ್ಟಿಸಿ ಜೀವಿಗಳನ್ನು ಸಲಹಿದಳು. ಅದರ ನೆನಪಿಗೇ ಬನಶಂಕರಿಯಲ್ಲಿ ರಥೋತ್ಸವಕ್ಕೆ ಮೊದಲು ಪಲ್ಲೇದ ಹಬ್ಬ ಆಗುತ್ತದೆ. 108 ಬಗೆಯ ಕಾಯಿಪಲ್ಲೆಗಳ ನೈವೇದ್ಯ ತಾಯಿಗೆ ಸಲ್ಲುತ್ತದೆ. ತೇರಿನ ಹಗ್ಗ ರೋಣ ತಾಲೂಕಿನ ಮಾಡಲಗೇರಿಯಿಂದ ಹಳೆ ಬಂಡಿಯಲ್ಲಿ ಬರುವುದು ವಾಡಿಕೆ. ಗುಡಿಯ ಮುಂದಿನ ಹರಿದ್ರಾ ತೀರ್ಥದ ಹೊಂಡದಲ್ಲಿ ಬಾಳೆದಿಂಡಿನ ತೆಪ್ಪ ಕಟ್ಟಿ ಕೂಸುಗಳನ್ನು ಅದರಲ್ಲಿಟ್ಟು ಹರಕೆ ತೀರಿಸುವುದನ್ನು ನೋಡಿದವರು ಮರೆಯುವುದಿಲ್ಲ. ಈಗಿರುವ ಗುಡಿ 1750ರಲ್ಲಿ ಪರಶುರಾಮ ಆಗಳೆ ಎಂಬ ಮರಾಠಾ ಸರದಾರ ಕಟ್ಟಿಸಿದ್ದು. ತಾಯಿಯ ಸ್ಥಾನ ಮಾತ್ರ ಅದಕ್ಕಿಂತ ಬಹಳ ಹಿಂದಿನದು.

ಬರದ ಸಂಕಟ ಕೊಪ್ಪಳ ಸೀಮೆಯವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಮುಂಗಾರು ಕೈಕೊಟ್ಟರೆ ಹಿಂಗಾರಿಗೆ ಮುಗಿಲು ನೋಡುತ್ತ ಕೂಡುವ ನೆಲ ಇದು. ಬರ ಕಳೆದ ದೇವಿಯ ಕಥೆ ಇಷ್ಟು ದೂರದ ಜನರನ್ನು ಎಳೆಯುವುದು ಅದಕ್ಕಾಗಿಯೇ ಇರಬಹುದು. ಆ ದೇವಿಯ ಸ್ಥಾನದಿಂದ 5 ಕಿ.ಮೀ. ಆಚೆಗೆ, ಬೀಳುವ ಮಳೆಯನ್ನೇ ಹಿಡಿದು ನಿಲ್ಲಿಸಿ ಬರ ಗೆದ್ದ ಇನ್ನೊಂದು ತೀರ್ಥವಿದೆ. ಅದೇ ಅಗಸ್ತ್ಯ ತೀರ್ಥ. ಅದನ್ನು ಕಟ್ಟಿದವರು ಮನುಷ್ಯರು.

ಊರಿಗೆ ರಾಕ್ಷಸನ ಹೆಸರು, ನೀರಿಗೆ ಋಷಿಯ ಹೆಸರು

ಬಾದಾಮಿಯ ಹಳೆಯ ಹೆಸರು ವಾತಾಪಿ. ಇಲ್ವಲ ಮತ್ತು ವಾತಾಪಿ ಎಂಬ ಇಬ್ಬರು ರಾಕ್ಷಸ ಸಹೋದರರ ಕಥೆಯನ್ನು ದೊಡ್ಡವರು ಕೇಳಿಯೇ ಇರುತ್ತಾರೆ. ಮಕ್ಕಳಿಗಾಗಿ ಇಲ್ಲಿ ಚಿಕ್ಕದಾಗಿ ಹೇಳಿದೆ. ತಮ್ಮನಾದ ವಾತಾಪಿ ಟಗರಾಗುವನು. ಅಣ್ಣ ಇಲ್ವಲ ಅದನ್ನು ಕೊಯ್ದು ಅಡಿಗೆ ಮಾಡಿ ದಾರಿಹೋಕ ಬ್ರಾಹ್ಮಣರಿಗೆ ಬಡಿಸುವನು. ಊಟವಾದ ಮೇಲೆ "ವಾತಾಪೀ, ಹೊರಗೆ ಬಾ" ಎಂದು ಕರೆದರೆ ಸಾಕು, ತಮ್ಮ ಉಂಡವರ ಹೊಟ್ಟೆ ಸೀಳಿ ಹೊರಗೆ ಬರುವನು. ಹೀಗೆ ಎಷ್ಟೋ ಜನ ಸತ್ತರು. ಒಂದು ದಿನ ಅಗಸ್ತ್ಯ ಮುನಿಗಳು ಬಂದರು. ಬಡಿಸಿದ್ದನ್ನೆಲ್ಲ ಉಂಡು ಹೊಟ್ಟೆ ಸವರಿಕೊಂಡರು. ಇಲ್ವಲ ಎಷ್ಟು ಕೂಗಿದರೂ ವಾತಾಪಿ ಬರಲಿಲ್ಲ, ಅಷ್ಟರಲ್ಲಾಗಲೇ ಅರಗಿಹೋಗಿದ್ದ. ಕೂಸಿಗೆ ಹಾಲು ಕುಡಿಸಿದ ಮೇಲೆ ಹೊಟ್ಟೆ ಮೇಲೆ ಕೈಯಾಡಿಸಿ "ವಾತಾಪಿ ಜೀರ್ಣೋಭವ" ಅನ್ನುವುದು ಈ ಕಥೆಯಿಂದಲೇ ಬಂದದ್ದು.

ಮಹಾಭಾರತದ ವನಪರ್ವದಲ್ಲಿ ಈ ಕಥೆ ಬರುತ್ತದೆ, ಅಲ್ಲಿ ಇಲ್ವಲನ ಊರಿಗೆ ಮಣಿಮತಿ ಎಂದು ಹೆಸರು. ಜನರ ನಂಬಿಕೆಯಲ್ಲಿ ಮಾತ್ರ ಅದು ಬಾದಾಮಿಯೇ. ಕೆರೆಯ ಎರಡು ಬದಿಯ ಎರಡು ಗುಡ್ಡಗಳೇ ಆ ಅಣ್ಣತಮ್ಮಂದಿರು ಎಂದು ಹೇಳುವವರೂ ಇದ್ದಾರೆ. ಹೀಗೆ ಊರು ರಾಕ್ಷಸನ ಹೆಸರು ಇಟ್ಟುಕೊಂಡಿತು, ನೀರು ಋಷಿಯ ಹೆಸರು ಇಟ್ಟುಕೊಂಡಿತು. ದೂರದ ತಮಿಳುನಾಡಿಗೂ ವಾತಾಪಿಯ ಹೆಸರು ಹೋಗಿದೆ. ಮುತ್ತುಸ್ವಾಮಿ ದೀಕ್ಷಿತರ ಪ್ರಸಿದ್ಧ ಕೀರ್ತನೆ ವಾತಾಪಿ ಗಣಪತಿಯನ್ನು ಕುರಿತದ್ದು.

ನೀರು ನಿಂತದ್ದು ಹೇಗೆ

ಬಾದಾಮಿಯ ಕೆಂಪು ಮರಳುಗಲ್ಲಿನ ಗುಡ್ಡಗಳು ಕುದುರೆ ಲಾಳದ ಹಾಗೆ ಮೂರು ಕಡೆ ಬಳಸಿವೆ. ಉತ್ತರದ ಗುಡ್ಡದ ಮೇಲೆ ಬಾವನ್ ಬಂಡೆ ಕೋಟೆ, ದಕ್ಷಿಣದ ಗುಡ್ಡದ ಮೇಲೆ ರಣಮಂಡಲ ಕೋಟೆ, ಪೂರ್ವಕ್ಕೆ ಎರಡೂ ಕೂಡುವ ಕಣಿವೆ. ಪಶ್ಚಿಮ ಒಂದೇ ಬಯಲು. ಹಿಂದಿನವರು ಆ ಬಯಲ ಬಾಯಿಗೆ ಒಡ್ಡು ಹಾಕಿದರು. ಗುಡ್ಡದ ಮೇಲೆ ಬಿದ್ದ ಮಳೆ ಬಂಡೆಯ ಮೇಲಿಂದ ಇಳಿದು ಬಂದು ಒಡ್ಡಿಗೆ ತಡೆದು ನಿಂತಿತು. ಒಡ್ಡಿನ ಒಳಮೈಗೆ ಉದ್ದಕ್ಕೂ ಕಲ್ಲಿನ ಮೆಟ್ಟಿಲು ಕಟ್ಟಿದರು. ಒಡ್ಡಿನ ಆಚೆಗೆ ಊರು ಬೆಳೆಯಿತು.

ಈ ಕೆರೆಗೆ ಹೊಳೆ ಇಲ್ಲ, ಕಾಲುವೆ ಇಲ್ಲ. ಮಲಪ್ರಭೆ ಹರಿಯುವುದು ಗುಡ್ಡಗಳಿಂದಾಚೆ ದೂರದಲ್ಲಿ. ಇಲ್ಲಿ ಬರುವುದು ಮುಗಿಲ ನೀರು ಮಾತ್ರ. ಮಳೆಗಾಲದಲ್ಲಿ ಜೋರಾಗಿ ಮಳೆಯಾದ ಮರುಕ್ಷಣ ಭೂತನಾಥ ಗುಡಿಯ ಮೇಲ್ಗಡೆ ಬಂಡೆಯಿಂದ ಎರಡು ನೀರಿನ ಧಾರೆ ಅಕ್ಕಪಕ್ಕ ಧುಮುಕುತ್ತವೆ. ಜನ ಅದಕ್ಕೆ ಅಕ್ಕ ತಂಗಿ ಜಲಪಾತ ಎಂದು ಹೆಸರಿಟ್ಟಿದ್ದಾರೆ. ಮಳೆ ನಿಂತರೆ ಅಕ್ಕನೂ ಇಲ್ಲ, ತಂಗಿಯೂ ಇಲ್ಲ, ಬಂಡೆ ಮೇಲೆ ಕರಿ ಗೆರೆ ಮಾತ್ರ. ಅದನ್ನು ನೋಡುವ ಭಾಗ್ಯ ಬೇಕಾದವರು ಆಷಾಢ ಶ್ರಾವಣದಲ್ಲಿ ಹೋಗಬೇಕು. ಬನದ ಹುಣ್ಣಿಮೆಗೆ ಹೋದವರಿಗೆ ಸಿಗುವುದಿಲ್ಲ.

ಗುಡ್ಡದ ಮೇಲಿನ ಬಂಡೆ ಶಾಸನ ನೋಡಿದರೆ ಈ ಜಾಗ ಯಾಕೆ ಆರಿಸಿಕೊಂಡರು ಎಂಬುದು ತಿಳಿಯುತ್ತದೆ. ಶಕ ವರ್ಷ 465, ಅಂದರೆ ಕ್ರಿ.ಶ. 543ರಲ್ಲಿ ಚಾಲುಕ್ಯ ಒಂದನೇ ಪುಲಕೇಶಿ ವಾತಾಪಿಯ ಗುಡ್ಡವನ್ನು ಕೋಟೆ ಮಾಡಿದನೆಂದು ಅದರಲ್ಲಿದೆ. ಮೇಲಿನಿಂದಲೂ ಕೆಳಗಿನಿಂದಲೂ ಶತ್ರುವಿಗೆ ದಕ್ಕದ ಕೋಟೆ ಎಂದು ಹೇಳಿಕೊಂಡಿದ್ದಾನೆ. ಗುಡ್ಡ ಎಷ್ಟು ಗಟ್ಟಿಯಾದರೂ ಕುಡಿಯಲು ನೀರಿಲ್ಲದ ಕೋಟೆ ನಾಲ್ಕು ದಿನ ನಿಲ್ಲುವುದಿಲ್ಲ. ಬಾದಾಮಿಯಲ್ಲಿ ಗುಡ್ಡವೂ ಇತ್ತು, ಗುಡ್ಡದ ಬುಡದಲ್ಲೇ ನೀರೂ ಇತ್ತು. ಅಲ್ಲಿಂದ ಮುಂದೆ ಇನ್ನೂರು ವರ್ಷಕ್ಕೂ ಮಿಕ್ಕಿ ಇದು ಚಾಲುಕ್ಯರ ರಾಜಧಾನಿ. ಇಮ್ಮಡಿ ಪುಲಕೇಶಿ ಉತ್ತರದ ಹರ್ಷವರ್ಧನನನ್ನು ತಡೆದು ನಿಲ್ಲಿಸಿದ್ದು ಇಲ್ಲಿಂದ ಆಳುತ್ತಿದ್ದಾಗಲೇ. ಅವನ ಕೀರ್ತಿಯನ್ನು ರವಿಕೀರ್ತಿ ಎಂಬ ಕವಿ 634ರಲ್ಲಿ ಐಹೊಳೆಯ ಮೇಗುಟಿ ಬಸದಿಯ ಗೋಡೆಯಲ್ಲಿ ಬರೆಸಿಟ್ಟ.

ಆದರೆ ದಕ್ಕದ ಕೋಟೆಯೂ ಒಮ್ಮೆ ದಕ್ಕಿತು. 642ರಲ್ಲಿ ಕಂಚಿಯ ಪಲ್ಲವ ನರಸಿಂಹವರ್ಮ ದಂಡೆತ್ತಿ ಬಂದು ಬಾದಾಮಿಯನ್ನು ಹಿಡಿದುಕೊಂಡ. 'ವಾತಾಪಿಕೊಂಡ' ಎಂಬ ಬಿರುದು ಇಟ್ಟುಕೊಂಡು ಇಲ್ಲಿಯ ಬಂಡೆಯ ಮೇಲೆ ತನ್ನ ಶಾಸನವನ್ನೂ ಬರೆಸಿದ. ಸುಮಾರು ಹದಿಮೂರು ವರ್ಷದ ಮೇಲೆ, 655ರ ಹೊತ್ತಿಗೆ ಪುಲಕೇಶಿಯ ಮಗ ಒಂದನೇ ವಿಕ್ರಮಾದಿತ್ಯ ಊರನ್ನು ಬಿಡಿಸಿಕೊಂಡ. ಗೆದ್ದವರು ಬಂದರು, ಸೋತವರು ಹೋದರು, ಎಲ್ಲರೂ ಇದೇ ನೀರು ಕುಡಿದರು. ಮುಂದೆ ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು ಬಂದರು. ಹಂಪಿಯಲ್ಲಿ ವಿಜಯನಗರ ಹುಟ್ಟಿದ ನಾಲ್ಕೇ ವರ್ಷಕ್ಕೆ, 1340ರಲ್ಲಿ, ಒಂದನೇ ಹರಿಹರನ ಅಧಿಕಾರಿ ಚಾಮರಾಜ ಎಂಬವನು ಬಾದಾಮಿಯ ಕೋಟೆ ಕಟ್ಟಿಸಿದ ಬಗ್ಗೆ ಶಾಸನವಿದೆ. ಆಮೇಲೆ ಆದಿಲಶಾಹಿಗಳು, ಮರಾಠರು, ಹೈದರ್ ಮತ್ತು ಟಿಪ್ಪು. ಕೊನೆಗೆ 1818ರಲ್ಲಿ ಇಂಗ್ಲಿಷರ ಮನ್ರೋ ಕೋಟೆ ತೆಗೆದುಕೊಂಡ.

ದಂಡೆಯ ಮೇಲೆ ನಡೆಯುವ ಕ್ರಮ

ಗುಡಿಗೆ ಪ್ರದಕ್ಷಿಣೆ ಹಾಕುವ ಹಾಗೆ ನೀರನ್ನು ಬಲಗಡೆ ಇಟ್ಟುಕೊಂಡು ಹೊರಡುವುದು ಒಳ್ಳೆಯದು. ಊರಿನ ಕಡೆಯ ಮೆಟ್ಟಿಲ ಮೇಲೆ ಯಲ್ಲಮ್ಮನ ಗುಡಿ ಇದೆ. ಊರೊಳಗೆ ಮನೆಗಳ ಮಧ್ಯೆ ಜಂಬುಲಿಂಗ ದೇವಸ್ಥಾನವಿದೆ, ಇದನ್ನು ಹುಡುಕಿಯೇ ಹೋಗಬೇಕು. 699ರಲ್ಲಿ ಚಾಲುಕ್ಯ ದೊರೆ ವಿಜಯಾದಿತ್ಯನ ತಾಯಿ ವಿನಯವತಿ ಬ್ರಹ್ಮ, ವಿಷ್ಣು, ಮಹೇಶ್ವರ ಮೂವರಿಗೂ ಒಂದೇ ಗುಡಿಯಲ್ಲಿ ಸ್ಥಾನ ಮಾಡಿಸಿದ್ದು ಇದು. ರಾಜಮಾತೆ ಕಟ್ಟಿಸಿದ ಗುಡಿ ಎಂದು ಹೆಣ್ಣುಮಕ್ಕಳಿಗೆ ಮುದ್ದಾಂ ತೋರಿಸಬೇಕು.

ಉತ್ತರ ದಂಡೆಯಲ್ಲಿ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯ ಸಿಗುತ್ತದೆ. ಶುಕ್ರವಾರ ಬಾಗಿಲು ಹಾಕಿರುತ್ತದೆ, ಅದೇ ದಿನ ಹೋಗಿ ಪೇಚಾಡುವವರು ಬಹಳ. ನಾಗನಾಥಕೊಳ್ಳದಿಂದ ತಂದ ಲಜ್ಜಾಗೌರಿ ಇಲ್ಲಿದ್ದಾಳೆ. ತಲೆಯ ಜಾಗದಲ್ಲಿ ಅರಳಿದ ಕಮಲವಿರುವ, ಮಕ್ಕಳ ಫಲ ಕೊಡುವ ತಾಯಿ. ಅಲ್ಲಿಂದ ಬಂಡೆಗಳ ಇಕ್ಕಟ್ಟಿನೊಳಗೆ ಮೆಟ್ಟಿಲು ಹತ್ತಿದರೆ ಬಾವನ್ ಬಂಡೆ ಕೋಟೆ, ಹಗೇವುಗಳಂತೆ ಕಾಣುವ ಧಾನ್ಯದ ಕಣಜಗಳು, ಕೆಳಗಿನ ಶಿವಾಲಯ, ಮೇಲಿನ ಶಿವಾಲಯ. ಪಕ್ಕದ ಬಂಡೆಯ ಮೇಲೆ ಒಂಟಿಯಾಗಿ ಮಾಲೆಗಿತ್ತಿ ಶಿವಾಲಯ. ಮೊಣಕಾಲು ನೋವಿದ್ದವರು ಕೆಳಗೇ ನಿಂತು ಕೈ ಮುಗಿದರೂ ನಡೆಯುತ್ತದೆ. ಮಾಲೆಗಿತ್ತಿ ಕೆಳಗಿನಿಂದಲೇ ಚೆನ್ನಾಗಿ ಕಾಣುತ್ತದೆ.

ಉತ್ತರದ ದಂಡೆ ಹಿಡಿದು ಪೂರ್ವಕ್ಕೆ ನಡೆದರೆ ಮೊದಲು ಮಲ್ಲಿಕಾರ್ಜುನ ಗುಡಿಗಳ ಗುಂಪು, ಆಮೇಲೆ ಭೂತನಾಥ. ಮಲ್ಲಿಕಾರ್ಜುನ ಗುಡಿಗಳ ಮಾಡು ಮೆಟ್ಟಿಲು ಮೆಟ್ಟಿಲಾಗಿ ಏರಿದ್ದು, ಕಲ್ಯಾಣ ಚಾಲುಕ್ಯರ ಕಾಲದವು. 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇವಾಲಯ ನೋಡಿದವರಿಗೆ ಆ ವಂಶದವರ ಕೈಕೆಲಸ ಗೊತ್ತೇ ಇದೆ. ಇಟಗಿಯಷ್ಟು ಕುಸುರಿ ಮಾತ್ರ ಇಲ್ಲಿ ಇಲ್ಲ.

ಭೂತನಾಥನ ಗುಡಿಯಲ್ಲಿ ಸ್ವಲ್ಪ ಹೊತ್ತು ಕೂಡಬೇಕು. ಒಳಗಿನ ಗುಡಿ ಬಾದಾಮಿ ಚಾಲುಕ್ಯರದು, ನೀರಿನ ಕಡೆಗೆ ಚಾಚಿದ ತೆರೆದ ಮಂಟಪ ಆಮೇಲಿನವರದು. ಕೆರೆ ತುಂಬಿದಾಗ ನೀರು ಮಂಟಪದ ಜಗಲಿಯ ಹತ್ತಿರ ಬರುತ್ತದೆ. ಮೂರು ಕಡೆ ಕೆಂಪು ಬಂಡೆ, ಮುಂದೆ ನೀರು, ಆಚೆ ದಂಡೆಯಲ್ಲಿ ಊರು. ಸಂಜೆ ಬಿಸಿಲು ಎದುರು ಬಂದು ಗುಡಿಯ ಮೇಲೆ ಬೀಳುತ್ತದೆ, ಆಗ ಕಲ್ಲಿನ ಬಣ್ಣ ಕೆಂಡದ ಹಾಗೆ ಆಗುತ್ತದೆ. ಗುಡಿಯ ಹಿಂದಿನ ಬಂಡೆಗಳಲ್ಲಿ ಮಲಗಿದ ಅನಂತಶಯನನ ಮೂರ್ತಿ ಕೆತ್ತಿದೆ, ಇನ್ನೂ ಹಲವು ಚಿಕ್ಕ ಮೂರ್ತಿಗಳಿವೆ. ಅಲ್ಲೇ ಒಂದು ಸಣ್ಣ ಗವಿಯಲ್ಲಿ ಕೂತ ಮೂರ್ತಿಯೊಂದಿದೆ. ಕುಷ್ಠರೋಗದ ರಾಜನೊಬ್ಬ ಈ ಕೆರೆಯಲ್ಲಿ ಮಿಂದು ಗುಣವಾದ, ಅವನದೇ ಮೂರ್ತಿ ಎಂದು ಸ್ಥಳೀಯರು ಕಥೆ ಹೇಳುತ್ತಾರೆ.

ಬೀಸುವ ಪದದ ಹಿರಿಯಕ್ಕ

ಕೆರೆಯ ಈಶಾನ್ಯ ಮೂಲೆಯ ಮೇಲೆ, ತಟ್ಟುಕೋಟೆಯ ಕಡೆ, ಬಂಡೆಯ ಮೇಲೆ ಒಂದು ಶಾಸನವಿದೆ. ಬಾದಾಮಿಗೆ ಬರುವ ನೂರರಲ್ಲಿ ಒಬ್ಬರೂ ಅತ್ತ ಹೋಗುವುದಿಲ್ಲ. ಇದು ಕಪ್ಪೆ ಅರಭಟ್ಟನ ಶಾಸನ. ಕ್ರಿ.ಶ. 700ರ ಸುಮಾರಿನದು. ರಾಜನ ದಾನವಲ್ಲ, ಯುದ್ಧದ ಗೆಲುವಲ್ಲ. ಅರಭಟ್ಟ ಎಂಬ ಒಬ್ಬ ವೀರನ ಸ್ವಭಾವ ಎಂಥದು ಎಂದು ಹೇಳುವ ಹತ್ತು ಸಾಲು. ಒಳ್ಳೆಯವರಿಗೆ ಅವನು ಒಳ್ಳೆಯವನು, ಸಿಹಿಯಾಗಿ ನಡೆದವರಿಗೆ ಸಿಹಿ, ಕೆಣಕಿದವರಿಗೆ ಮಾತ್ರ ಕಲಿಯುಗಕ್ಕೇ ಎದುರು ನಿಂತಂಥವನು, ಇದು ಅದರ ತಾತ್ಪರ್ಯ.

ಇದರಲ್ಲಿ ಮೂರು ಪದ್ಯ ತ್ರಿಪದಿಯಲ್ಲಿವೆ. ಕನ್ನಡದಲ್ಲಿ ಸಿಕ್ಕ ತ್ರಿಪದಿಗಳಲ್ಲಿ ಇವೇ ಬಹಳ ಹಳೆಯವು. ತ್ರಿಪದಿ ಎಂದರೆ ಶಾಲೆ ಕಲಿತವರಿಗೆ ಸರ್ವಜ್ಞ ನೆನಪಾಗುತ್ತಾನೆ. ಶಾಲೆ ಕಲಿಯದ ಅಜ್ಜಿಗೆ ಬೀಸುವ ಕಲ್ಲು ನೆನಪಾಗಬೇಕು. ಈ ಭಾಗದ ಹೆಣ್ಣುಮಕ್ಕಳು ಬೆಳಗಿನ ಜಾವ ಜೋಳ ಬೀಸುತ್ತ, ಕೂಸು ತೂಗುತ್ತ ಹಾಡುತ್ತಿದ್ದ ಪದಗಳೆಲ್ಲ ಹೆಚ್ಚಾಗಿ ತ್ರಿಪದಿಗಳೇ. ಗಿರಣಿ ಬಂದ ಮೇಲೆ ಬೀಸುವ ಕಲ್ಲು ಮೂಲೆ ಸೇರಿತು, ಪದವೂ ಕಡಿಮೆಯಾಯಿತು. ಆದರೂ ನೂರಾರು ಪದ ಬಾಯಲ್ಲಿ ಇರುವ ಮುದುಕಿಯರು ಹಳ್ಳಿಗಳಲ್ಲಿ ಇನ್ನೂ ಸಿಗುತ್ತಾರೆ. ಅಂಥವರನ್ನು ಕರೆದುಕೊಂಡು ಹೋದವರು ಆ ಬಂಡೆಯ ಕಡೆ ಕೈ ಮಾಡಿ, "ಅವ್ವಾ, ನೀ ಹಾಡೋ ಪದದ ಹಿರಿಯಕ್ಕ ಅಲ್ಲದಾಳ ನೋಡು" ಎಂದು ಹೇಳಿದರೆ ಆ ಯಾತ್ರೆಗೆ ಬೆಲೆ ಬಂದೀತು. ಶಾಸನದ ಅಕ್ಷರ ಹಳೆಗನ್ನಡದವು, ಓದಲು ಬರುವುದಿಲ್ಲ. ಕೊಪ್ಪಳದ ಗವಿಮಠದ ಮೇಲಿನ ಅಶೋಕನ ಶಾಸನವನ್ನು ಓದಲು ಬಂದವರು ಎಷ್ಟು ಜನ? ಆದರೂ ಹೋದವರು ನೋಡಿಯೇ ಬರುತ್ತಾರೆ.

ಮೇಣಬಸದಿಗಳು

ದಕ್ಷಿಣದ ಗುಡ್ಡದ ಗವಿಗಳ ಬಗ್ಗೆ ಎಲ್ಲ ಪುಸ್ತಕಗಳಲ್ಲೂ ಇದೆ, ಇಲ್ಲಿ ನಾಲ್ಕು ಮಾತು ಸಾಕು. ಮೊದಲನೆಯದು ಶಿವನದು, ಹೊರಗೆ 18 ಕೈಗಳ ನಟರಾಜ. ಎರಡನೆಯದು ಮತ್ತು ಮೂರನೆಯದು ವಿಷ್ಣುವಿನವು. ನಾಲ್ಕನೆಯದು ಜೈನರದು, ಪಾರ್ಶ್ವನಾಥ, ಬಾಹುಬಲಿ, ಮಹಾವೀರರ ಮೂರ್ತಿಗಳಿವೆ. ಗುಡ್ಡದ ಬುಡದಲ್ಲಿ ಸುಲ್ತಾನರ ಕಾಲದ ಗೋರಿಯೂ ಮಸೀದಿಯೂ ಇವೆ. ಎಲ್ಲವೂ ಒಂದೇ ನೀರಿನ ಸುತ್ತ.

ಮೂರನೆಯ ಗವಿಯೇ ಎಲ್ಲಕ್ಕಿಂತ ದೊಡ್ಡದು. ಹೆಡೆ ಬಿಚ್ಚಿದ ಆದಿಶೇಷನ ಸುರುಳಿಯ ಮೇಲೆ ವಿಷ್ಣು ಕುಳಿತಿದ್ದಾನೆ, ಮಲಗಿಲ್ಲ, ಇದು ಅಪರೂಪ. ಇಲ್ಲಿಯ ಶಾಸನ ಶಕ ವರ್ಷ 500, ಅಂದರೆ ಕ್ರಿ.ಶ. 578ರ ಕಾರ್ತಿಕ ಹುಣ್ಣಿಮೆಯದು. ಅಣ್ಣ ಕೀರ್ತಿವರ್ಮನ ಆಳ್ವಿಕೆಯಲ್ಲಿ ತಮ್ಮ ಮಂಗಳೇಶ ಇದನ್ನು ಮಾಡಿಸಿದ. ಪಕ್ಕದಲ್ಲೇ ಮಂಗಳೇಶನ ಇನ್ನೊಂದು ಚಿಕ್ಕ ಶಾಸನ ಕನ್ನಡದಲ್ಲಿದೆ. ಅದರಲ್ಲಿ ಗವಿಯನ್ನು 'ಕಲ್ಮನೆ' ಎಂದು ಕರೆದಿದ್ದಾರೆ. ಕಲ್ಲಿನ ಮನೆ! ಇದಕ್ಕಿಂತ ಸರಳವಾದ ಮಾತು ಉಂಟೇ? ಲಂಜಿಗೇಸರ ಎಂಬ ಊರನ್ನು ಈ ಕಲ್ಮನೆಗೆ ಬಿಟ್ಟುಕೊಟ್ಟ ದಾಖಲೆ ಅದು. ದೇವರಿಗೆ ಹೂಮಾಲೆ ಕಟ್ಟುವವರ ಮಾತೂ ಅಲ್ಲಿ ಬರುತ್ತದೆ. ದೇವಸ್ಥಾನದ ಬಾಗಿಲಲ್ಲಿ ಕೂತು ಮಾಲೆ ಕಟ್ಟಿ ಮಾರುವ ಹೂಗಾರರ ಕಸುಬು ಅಷ್ಟು ಹಳೆಯದು, ಅರಸನ ಶಾಸನದಲ್ಲಿ ಸ್ಥಾನ ಪಡೆದದ್ದು.

ಮೂರನೆಯ ಗವಿಯ ಸೂರಿನಲ್ಲಿ ಬಣ್ಣದ ಚಿತ್ರಗಳ ಗುರುತು ಇನ್ನೂ ಸ್ವಲ್ಪ ಉಳಿದಿದೆ. ಹಿಂದೆ ಗವಿಗಳಲ್ಲಿ ಒಲೆ ಹಚ್ಚಿದ ಹೊಗೆ, ಬಾವಲಿಗಳ ಕಾಟ, ಮಳೆಯ ಜಿನುಗು ಎಲ್ಲ ಸೇರಿ ಇಂಥ ಚಿತ್ರಗಳು ಹಾಳಾಗುತ್ತವೆ. ಈಗ ಉಳಿದದ್ದಕ್ಕೆ ಎಣ್ಣೆ ಕೈ ತಾಗದಿದ್ದರೆ ಸಾಕು. ಅರಿಷಿಣ ಕುಂಕುಮ ಏರಿಸುವುದು, ಕರ್ಪೂರ ಹಚ್ಚುವುದು ಪೂಜೆ ನಡೆಯುವ ಗುಡಿಗಳಲ್ಲಿ ಮಾತ್ರ. ಮರಳುಗಲ್ಲು ಮೆತ್ತನೆಯ ಕಲ್ಲು, ಎಣ್ಣೆ ಹೀರಿಕೊಂಡರೆ ಮತ್ತೆ ಬಿಡುವುದಿಲ್ಲ. ಮೊಳೆ ತಗೊಂಡು ಹೆಸರು ಕೆತ್ತುವ ಹುಡುಗರಿಗೆ ಏನು ಹೇಳಬೇಕೋ ತಿಳಿಯದು. 1400 ವರ್ಷ ಮಳೆಗಾಳಿ ತಡೆದುಕೊಂಡ ಕಂಬಕ್ಕೆ ಒಂದು ನಿಮಿಷದಲ್ಲಿ ಗಾಯ ಮಾಡುತ್ತಾರೆ.

ತೀರ್ಥಕ್ಕೆ ಭಕ್ತರು ಮಾಡುತ್ತಿರುವುದು

ಅಗಸ್ತ್ಯ ತೀರ್ಥದ ಮೆಟ್ಟಿಲುಗಳ ಮೇಲೆ ಊರವರು ಬಟ್ಟೆ ಒಗೆಯುವುದು ತಲೆಮಾರುಗಳಿಂದ ನಡೆದುಬಂದದ್ದು. ಮುಂಜಾನೆ ಬಟ್ಟೆ ಬಡಿಯುವ ಸದ್ದು ಎದುರು ಗುಡ್ಡಕ್ಕೆ ತಾಗಿ ಮರುದನಿ ಕೊಡುವುದನ್ನು ಕೇಳಿದವರುಂಟು. ಆ ಕಾಲದಲ್ಲಿ ಸೀಗೆ, ಅಂಟುವಾಳ, ಸವಳು ಇದ್ದವು. ಈಗ ಸೋಪಿನ ಪುಡಿ ಬಂದಿದೆ. ಊರವರನ್ನು ದೂರುವುದಕ್ಕೆ ಮೊದಲು ಯಾತ್ರಿಕರು ತಮ್ಮ ಕೈ ನೋಡಿಕೊಳ್ಳಬೇಕು. ತೀರ್ಥ ಎಂದ ಕೂಡಲೇ ಮಿಂದ ಬಟ್ಟೆಯನ್ನು ನೀರಲ್ಲೇ ಬಿಡುವುದು, ಹಳೆಯ ದೇವರ ಫೋಟೋ, ಒಣಗಿದ ಹಾರ, ಪ್ಲಾಸ್ಟಿಕ್ ಚೀಲದ ಸಮೇತ ತಂದು ಹಾಕುವುದು, ಶಾಂಪೂ ಚೀಟಿ ಹರಿದು ಮೆಟ್ಟಿಲ ಮೇಲೆ ಎಸೆಯುವುದು, ಇದೆಲ್ಲ ಪುಣ್ಯದ ಕೆಲಸವೆಂಬ ತಪ್ಪು ತಿಳುವಳಿಕೆ ಬಹಳ ಜನರಲ್ಲಿದೆ.

ಹೊಳೆಯಲ್ಲಿ ಬಿಟ್ಟದ್ದು ಹರಿದು ಹೋಗುತ್ತದೆ ಎಂದಾದರೂ ಸಮಾಧಾನ ಮಾಡಿಕೊಳ್ಳಬಹುದು. ಅದೂ ಸರಿಯಲ್ಲ, ಕೆಳಗಿನ ಊರಿನವರು ಅದನ್ನೇ ಕುಡಿಯಬೇಕು. ಅಗಸ್ತ್ಯ ತೀರ್ಥ ಹೊಳೆಯಲ್ಲ. ಮೂರು ಕಡೆ ಗುಡ್ಡ, ಒಂದು ಕಡೆ ಒಡ್ಡು. ಅದರಲ್ಲಿ ಬಿದ್ದದ್ದು ಅದರಲ್ಲೇ ಕೊಳೆಯುತ್ತದೆ, ತಳಕ್ಕೆ ಹೂಳಾಗುತ್ತದೆ. ಹೂಳು ಒಂದು ಗೇಣು ಏರಿದರೆ ನೀರು ಒಂದು ಗೇಣು ಕಡಿಮೆ. ಈ ಲೆಕ್ಕಕ್ಕೆ ಇಂಜಿನಿಯರ್ ಬೇಕಾಗಿಲ್ಲ, ಹೊಲದಾಗ ಕೃಷಿಹೊಂಡ ತೆಗೆಸಿದ ರೈತನಿಗೆ ಗೊತ್ತು.

ಕೊಪ್ಪಳ ಜಿಲ್ಲೆಯ ಭಕ್ತರಿಗೆ ಇದು ಬೇಗ ತಿಳಿಯಬೇಕು. 2019ರಲ್ಲಿ ಕೊಪ್ಪಳದ ಶ್ರೀ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು ಮುಂದೆ ನಿಂತು ಹಿರೇಹಳ್ಳದ ಹೂಳು, ಜಾಲಿ ಕಂಟಿ ತೆಗೆಸಿದಾಗ ಹಳ್ಳಿ ಹಳ್ಳಿಯ ಜನ ಜೆಸಿಬಿ, ಟ್ರ್ಯಾಕ್ಟರ್, ರೊಟ್ಟಿ ಬುತ್ತಿ ಕೊಟ್ಟು ಕೈ ಜೋಡಿಸಿದರು. ಒಂದು ಹಳ್ಳ ಸ್ವಚ್ಛ ಮಾಡಲು ಎಷ್ಟು ಬೆವರು ಬೇಕಾಗುತ್ತದೆ ಎಂದು ಕಣ್ಣಾರೆ ಕಂಡವರು ಇನ್ನೊಂದು ಊರಿನ ಕೆರೆಗೆ ಹಳೆ ಸೀರೆ ಎಸೆದು ಬಂದರೆ ಬನಶಂಕರಿ ತಾಯಿ ಮೆಚ್ಚುವಳೇ? ಬರ ಬಿದ್ದಾಗ ಅನ್ನ ಕೊಟ್ಟ ತಾಯಿಗೆ 108 ಪಲ್ಲೆ ಏರಿಸಿ, ಮಳೆ ಹಿಡಿದ ಕೆರೆಗೆ ಕಸ ಏರಿಸುವುದು ಯಾವ ಹರಕೆಯೂ ಅಲ್ಲ. ಮೀಯಲೇಬೇಕೆಂದರೆ ಸೋಪು ಹಚ್ಚದೆ ಒಂದು ಚರಿಗೆ ನೀರು ತಲೆ ಮೇಲೆ ಹಾಕಿಕೊಂಡರೆ ತೀರ್ಥಸ್ನಾನವಾಯಿತು. ಬಟ್ಟೆ ಚೀಲದಲ್ಲಿ ಊರಿಗೆ ಬರಲಿ. ಹಳೆಯ ಫೋಟೋಗಳನ್ನು ಮನೆಯಲ್ಲೇ ಗಾಜು, ಚೌಕಟ್ಟು ತೆಗೆದು ಗಿಡದ ಬುಡದ ಮಣ್ಣಿಗೆ ಸೇರಿಸಬಹುದು.

ಮೆಟ್ಟಿಲುಗಳಿಗೆ ಪಾಚಿ ಹಿಡಿದಿರುತ್ತದೆ, ಕೆಳಗಿನ ಮೆಟ್ಟಿಲಿಗೆ ಇಳಿದವರ ಕಾಲು ಜಾರುತ್ತದೆ. ನೀರು ಆಳವಿದೆ. ಈಸು ಬಾರದವರು, ಮಕ್ಕಳು ಮೇಲಿನ ಮೆಟ್ಟಿಲಲ್ಲೇ ಇರಬೇಕು. ಈಸು ಬರುತ್ತದೆಂದು ಜಂಬ ಮಾಡುವ ಹುಡುಗರೂ ಅಷ್ಟೇ.

ದಾರಿ ಮತ್ತು ಅನುಕೂಲ

ಹುಲಿಹೈದರ, ಕನಕಗಿರಿ ಕಡೆಯವರಿಗೆ ತಾವರಗೇರಾ, ಕುಷ್ಟಗಿ, ಗಜೇಂದ್ರಗಡದ ಮೇಲೆ ಹೋಗುವುದು ಅನುಕೂಲ. ಗಜೇಂದ್ರಗಡದಲ್ಲಿ ಗುಡ್ಡದ ಮೇಲಿನ ಶ್ರೀ ಕಾಲಕಾಲೇಶ್ವರನ ದರ್ಶನವೂ ಆಗುತ್ತದೆ. ರೈಲಿನಲ್ಲಿ ಹೋಗುವವರು ಗದಗಿನಲ್ಲಿ ಗಾಡಿ ಬದಲಿಸಬೇಕು. ಬಾದಾಮಿ ಸ್ಟೇಷನ್ ಊರಿನಿಂದ ದೂರ ಇದೆ, ಅಲ್ಲಿಂದ ಆಟೋ ಟಂಟಂ ಸಿಗುತ್ತವೆ.

ಬೆಳಿಗ್ಗೆ ಬನಶಂಕರಿ ದರ್ಶನ ಮುಗಿಸಿಕೊಳ್ಳಬೇಕು. ಗುಡಿಯ ಮುಂದೆ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪಲ್ಲೆ, ಶೇಂಗಾ ಚಟ್ನಿ, ಗಡಿಗೆ ಮೊಸರು ಇಟ್ಟುಕೊಂಡು ಕೂತಿರುತ್ತಾರೆ. "ಬಾ ಯಪ್ಪಾ, ಉಂಡು ಹೋಗು" ಎಂದು ಕರೆಯುವ ಅವರ ಹತ್ತಿರವೇ ಊಟ ಮಾಡುವುದು ಒಳ್ಳೆಯದು, ಹೋಟೆಲಿಗಿಂತ ರುಚಿ. ಬಾದಾಮಿಯಲ್ಲಿ ಮೊದಲು ಮೇಣಬಸದಿ ಹತ್ತುವುದೋ, ಭೂತನಾಥಕ್ಕೆ ಹೋಗುವುದೋ ಎಂದರೆ, ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತು ಗವಿಗಳ ನೆರಳಲ್ಲಿ ಕಳೆದು, ಬಿಸಿಲಿಳಿದ ಮೇಲೆ ಭೂತನಾಥದ ದಂಡೆಗೆ ಹೋಗಬೇಕು. ಆ ದಿನ ಮಾತ್ರ ನೀರು ಬಲಕ್ಕೋ ಎಡಕ್ಕೋ ಎಂದು ಯಾರೂ ಕೇಳುವುದಿಲ್ಲ. ಮೇಣಬಸದಿಗೆ ಟಿಕೆಟ್ ಇದೆ, 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಕೈಯಲ್ಲಿ ತಿನ್ನುವ ಪದಾರ್ಥ ಕಾಣುವ ಹಾಗೆ ಹಿಡಿಯಬಾರದು, ಮಂಗಗಳಿಗೆ ಚೀಲದ ಸದ್ದೇ ಸಾಕು.

ಇನ್ನೊಂದು ದಿನ ಕೈಯಲ್ಲಿದ್ದವರು ಮಹಾಕೂಟಕ್ಕೆ ಹೋಗಬಹುದು. ಅಲ್ಲಿಯ ವಿಷ್ಣು ಪುಷ್ಕರಣಿಯ ನೀರು ಗುಡ್ಡದ ಊಟೆಯಿಂದ ಬರುವಂಥದ್ದು, ತಿಳಿಯಾಗಿರುತ್ತದೆ. ಅಲ್ಲಿ ಮಂಗಳೇಶನು 602ರಲ್ಲಿ ನಿಲ್ಲಿಸಿದ ಧರ್ಮಸ್ತಂಭ ಈಗ ವಿಜಯಪುರದ ಗೋಲಗುಮ್ಮಟದ ವಸ್ತುಸಂಗ್ರಹಾಲಯದಲ್ಲಿದೆ. ಪಟ್ಟದಕಲ್ಲು, ಐಹೊಳೆಗಳೂ ಅದೇ ದಾರಿಯಲ್ಲಿ ಮುಂದೆ ಸಿಗುತ್ತವೆ. ಖಣ ಕೊಳ್ಳುವ ಹೆಣ್ಣುಮಕ್ಕಳಿಗೆ ಗುಳೇದಗುಡ್ಡ ಹತ್ತಿರ. ಹೊತ್ತು ಮುಳುಗುವ ವೇಳೆಗೆ ಮೇಣಬಸದಿಯ ಬಾಗಿಲು ಹಾಕುತ್ತಾರೆ, ಭೂತನಾಥದ ದಂಡೆಯಲ್ಲಿ ಕೂತವರು ಊರ ಕಡೆ ದೀಪ ಹತ್ತುವ ಮುಂಚೆ ಎದ್ದು ಬರಬೇಕು, ಆ ದಾರಿಯಲ್ಲಿ ಕತ್ತಲಾದ ಮೇಲೆ ಹಾವು ಹುಳದ ಭಯವಿದೆ. ಕುಷ್ಟಗಿ ಕಡೆಯ ಕಡೆಯ ಬಸ್ಸು ಎಷ್ಟಕ್ಕೆ ಎಂಬುದನ್ನು ಬಾದಾಮಿ ನಿಲ್ದಾಣದಲ್ಲಿ ಇಳಿದ ಕೂಡಲೇ ಕೇಳಿಟ್ಟುಕೊಂಡಿರುವುದು ಒಳಿತು.